ಈ ಮೈಯ ಮೇಲೆ ಮಾತು ಯಾರದ್ದು?

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದಲ್ಲಿದ್ದೇನೆ, ವಯಸ್ಸು 47. ನಾವು ಹತ್ತು ಹನ್ನೆರಡು ಹೆಂಗಸರು ಶನಿವಾರ ಮಧ್ಯಾಹ್ನ ಒಬ್ಬರ ಮನೆಯಲ್ಲಿ ಸೇರಿ ಕನ್ನಡ ಪುಸ್ತಕ ಓದುತ್ತೇವೆ. ಒಬ್ಬರು ಜೋರಾಗಿ ಓದುತ್ತಾರೆ, ಉಳಿದವರು ಕೇಳುತ್ತೇವೆ. ಹೋದ ತಿಂಗಳು ಓದಿದ ಒಂದು ಕಥೆಯಲ್ಲಿ ಮುಟ್ಟು, ಗಂಡ ಹೆಂಡತಿಯ ಮಲಗುವ ಕೋಣೆ ಎಲ್ಲ ಬಿಚ್ಚಿ ಬರೆದಿತ್ತು. ಓದುತ್ತಿದ್ದವರು ಅಲ್ಲಿಗೇ ನಿಲ್ಲಿಸಿಬಿಟ್ಟರು. 'ಇದೆಲ್ಲ ಬರೀಬೇಕಾ? ನಮ್ಮ ಹಳೇ ಸಾಹಿತ್ಯದಲ್ಲಿ ಇಂಥದ್ದೆಲ್ಲ ಇತ್ತಾ?' ಅಂತ ಜಗಳವೇ ಆಯಿತು. ಅದೇ ವಾರ, ಡಿಗ್ರಿ ಓದುತ್ತಿರುವ ಮಗನ ಬ್ಯಾಗಿನಲ್ಲಿ 'ಮೋಹನಸ್ವಾಮಿ' ಅನ್ನುವ, ಗಂಡನ್ನು ಪ್ರೀತಿಸುವ ಗಂಡಿನ ಕಥೆಗಳ ಪುಸ್ತಕ ಕಣ್ಣಿಗೆ ಬಿತ್ತು. ನಾಲ್ಕು ಪುಟ ನೋಡಿ ಹಾಗೇ ಇಟ್ಟುಬಿಟ್ಟೆ. ಅವನನ್ನು ಏನೂ ಕೇಳಿಲ್ಲ. ಸಾಹಿತ್ಯ ಯಾಕೆ ಮೈ, ಕಾಮ, ಗಂಡು ಹೆಣ್ಣು ಅನ್ನುವುದನ್ನು ಇಷ್ಟು ಕೆದಕುತ್ತದೆ? ಓದುವಾಗ ಮುಜುಗರವಾದರೆ ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರ ಓದುತ್ತಿದ್ದ ಹಾಗೆ 35 ವರ್ಷದ ಹಿಂದಿನ ಒಂದು ಸಂಜೆ ಕಣ್ಣ ಮುಂದೆ ಬಂತು. ಆಗ ನಾನು ಬೆಂಗಳೂರಿನ ಒಂದು ಸಂಜೆ ಕಾಲೇಜಿನಲ್ಲಿ ಹೊಸದಾಗಿ ಕನ್ನಡ ಪಾಠ ಹೇಳುತ್ತಿದ್ದೆ. ಹಗಲೆಲ್ಲ ದುಡಿದು ಆರು ಗಂಟೆಗೆ ಕ್ಲಾಸಿಗೆ ಬರುವ ಮಕ್ಕಳು. ಮಕ್ಕಳು ಅಂದೆ, ಅದರಲ್ಲಿ ಎಷ್ಟೋ ಜನ ನನಗಿಂತ ದೊಡ್ಡವರು. ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವವರು, ಅಂಗಡಿಯಲ್ಲಿ ಲೆಕ್ಕ ಬರೆಯುವವರು, ಗಾರ್ಮೆಂಟ್ಸ್‌ಗೆ ಹೋಗುವವರು. ಆ ವರ್ಷ ಜನ್ನನ 'ಯಶೋಧರ ಚರಿತೆ' ಪಾಠಕ್ಕಿತ್ತು. ರಾಣಿ ಅಮೃತಮತಿಯ ಭಾಗ ಬಂತು. ನನಗೆ ಕೈ ತಣ್ಣಗಾಯಿತು. 'ಇಲ್ಲಿಂದ ಎರಡು ಪುಟ ಬಿಟ್ಟುಬಿಡಿ, ಪರೀಕ್ಷೆಗೆ ಬರಲ್ಲ' ಅಂದೆ. ಎಲ್ಲರೂ ಹಾಳೆ ತಿರುವಿದರು. ಹಿಂದಿನ ಬೆಂಚಿನಿಂದ ಗಾರ್ಮೆಂಟ್ಸ್‌ನ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. 'ಬಿಡೋಣ ಮೇಡಂ. ಆದ್ರೆ ಆ ರಾಣಿ ಏನಂದ್ಲು ಅಂತ ಮಾತ್ರ ಹೇಳ್ಬಿಡಿ.'

ನಾನು ಮರುದಿನ ಆ ಎರಡು ಪುಟ ಪಾಠ ಮಾಡಿದೆ. ಅಲ್ಲಿಂದ ಇಲ್ಲಿಯವರೆಗೆ ಯಾವ ಪುಸ್ತಕ ಹಿಡಿದರೂ, ಮೈಯ ವಿಷಯ ಬಂದ ಕೂಡಲೇ ನಾನು ಕೇಳಿಕೊಳ್ಳುವುದು ಅವಳ ಪ್ರಶ್ನೆಯನ್ನೇ. ಈ ಮೈ ಯಾರದ್ದೋ, ಅವರು ಏನಂದರು? ಅವರಿಗೆ ಮಾತಾಡೋಕೆ ಬಿಟ್ಟಿದ್ದಾರಾ? ಅಥವಾ ಅವರ ಮೈಯ ಮೇಲೆ ಬೇರೆ ಯಾರದೋ ಮಾತು ನಡೆಯುತ್ತಿದೆಯಾ?

ಆ ರಾಣಿ ಏನಂದಳು ಅನ್ನುವುದನ್ನು ನಿಮಗೂ ಹೇಳುತ್ತೇನೆ. ಉಜ್ಜಯಿನಿಯ ಅರಸ ಯಶೋಧರ, ರೂಪವಂತ. ಹೆಂಡತಿಯೆಂದರೆ ಪ್ರಾಣ. ಒಂದು ರಾತ್ರಿ ಅವನ ಪಕ್ಕದಲ್ಲಿ ಮಲಗಿದ್ದ ಅಮೃತಮತಿಗೆ ಆನೆಲಾಯದ ಕಡೆಯಿಂದ ಒಂದು ಹಾಡು ಕೇಳಿಸುತ್ತದೆ. ಹಾಡುತ್ತಿದ್ದವನು ಮಾವುತ ಅಷ್ಟಾವಂಕ. ಇವಳು ಅವನ ಮುಖ ಕಂಡಿಲ್ಲ. ಬರೀ ದನಿಗೆ ಮನಸ್ಸು ಹೋಗುತ್ತದೆ. ಗೆಳತಿಯನ್ನು ಕಳಿಸುತ್ತಾಳೆ. ಗೆಳತಿ ಅವನನ್ನು ನೋಡಿ ಬೆಚ್ಚಿ ಬರುತ್ತಾಳೆ. ಅವನ ಕುರೂಪವನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಾಳೆ. ಆಗ ರಾಣಿ ಹೇಳುವ ಮಾತು: 'ಒಲವಾದೊಡೆ ರೂಪಿನ ಕೋಟಲೆಯೇವುದೊ'. ಒಲವು ಹುಟ್ಟಿದ ಮೇಲೆ ರೂಪದ ಗೋಜೇಕೆ ಅಂತ.

ಇದನ್ನು ಜನ್ನ ಬರೆದದ್ದು 1209ರಲ್ಲಿ. ಅವನು ಜೈನ ಕವಿ, ಕಾವ್ಯದ ಉದ್ದೇಶ ಅಹಿಂಸೆಯನ್ನು ಸಾರುವುದು. ಅಮೃತಮತಿಯನ್ನು ಅವನು ಮೆಚ್ಚುವುದಿಲ್ಲ. ಮುಂದೆ ಅವಳು ಗಂಡನಿಗೂ ಅತ್ತೆಗೂ ವಿಷ ಹಾಕುತ್ತಾಳೆ, ಕವಿಯ ಕಣ್ಣಲ್ಲಿ ಅವಳು ಪಾಪಿ. ತಡವಾಗಿ ಬಂದಳು ಅಂತ ಆ ಮಾವುತನೂ ಅವಳ ಕೂದಲು ಹಿಡಿದು ಎಳೆದು ಹೊಡೆಯುತ್ತಾನೆ. ಆದರೂ ತನಗೆ ಒಪ್ಪಿಗೆಯಿಲ್ಲದ ಹೆಂಗಸಿನ ಬಾಯಿಗೆ ಕವಿ ತನ್ನ ಕಾವ್ಯದ ಅತಿ ಒಳ್ಳೆಯ ಸಾಲನ್ನು ಕೊಟ್ಟ. ಎಂಟುನೂರು ವರ್ಷದ ಮೇಲೂ ಜನಕ್ಕೆ ಬಾಯಿಗೆ ಬರುವುದು ಆ ಸಾಲೇ. ಗಿರೀಶ ಕಾರ್ನಾಡರು ಇದೇ ಕಥೆಯನ್ನು ಎತ್ತಿಕೊಂಡು 'ಹಿಟ್ಟಿನ ಹುಂಜ' ನಾಟಕ ಬರೆದರು. ಕಥೆ ಇನ್ನೂ ಮುಗಿದಿಲ್ಲ ಅಂತ ಅವರಿಗೂ ಅನ್ನಿಸಿರಬೇಕು.

ಹಾಗಾಗಿ 'ಹಳೇ ಸಾಹಿತ್ಯದಲ್ಲಿ ಇಂಥದ್ದೆಲ್ಲ ಇತ್ತಾ' ಅನ್ನುವ ನಿಮ್ಮ ಗೆಳತಿಯರಿಗೆ ಉತ್ತರ ಸುಲಭ. ಇತ್ತು, ಬೇಕಾದಷ್ಟು ಇತ್ತು. ಸುಮಾರು ಸಾವಿರ ವರ್ಷದ ಹಿಂದೆ ಚಂದ್ರರಾಜ ಅನ್ನುವ ಕವಿ 'ಮದನತಿಲಕ' ಅಂತ ಕಾಮಶಾಸ್ತ್ರವನ್ನೇ ಕನ್ನಡದಲ್ಲಿ ಬರೆದ. ರತ್ನಾಕರವರ್ಣಿಯ 'ಭರತೇಶ ವೈಭವ' ಶುರುವಾಗುವುದೇ 'ಭೋಗವಿಜಯ'ದಿಂದ. ಭರತ ಚಕ್ರವರ್ತಿ ರಾಣಿಯರ ಜೊತೆ ಸುಖವಾಗಿರುವುದನ್ನು ಒಬ್ಬ ಜೈನ ಕವಿ ಯಾವ ತಪ್ಪಿತಸ್ಥ ಭಾವವೂ ಇಲ್ಲದೆ ಹಾಡುತ್ತಾನೆ.

ಆದರೆ ಹಳೆಯದೆಲ್ಲ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಬಾಳೆಕಂಬದಂಥ ತೊಡೆ, ಕಳಶದಂಥ ಮೊಲೆ, ಸಿಂಹದಂಥ ನಡು, ದುಂಬಿಯಂಥ ಕುರುಳು. ಎಷ್ಟೋ ಕಾವ್ಯಗಳಲ್ಲಿ ಪುಟಗಟ್ಟಲೆ ಇದೇ. ಕಾಲಿನಿಂದ ಶುರುವಾಗಿ ತಲೆವರೆಗೆ ಬಂದರೂ ಆ ಹೆಣ್ಣಿಗೆ ಹೊಟ್ಟೆ ಹಸಿಯಿತಾ, ಕಾಲು ನೋಯಿತಾ, ಯಾರೂ ಕೇಳುವುದಿಲ್ಲ. ಅವಳು ಬಾಯೇ ಬಿಡುವುದಿಲ್ಲ. ಅಲ್ಲಿ ಮೈ ಇದೆ, ಮೈಯ ಒಡತಿ ಇಲ್ಲ. ನನಗೆ ಮುಜುಗರ ಆಗುವುದು ಅಂಥ ಕಡೆ. ನಿಮ್ಮ ಗುಂಪು ಓದು ನಿಲ್ಲಿಸಿದ ಜಾಗ ಅದಕ್ಕೆ ಪೂರಾ ಉಲ್ಟಾ ಅಲ್ವಾ? ಅಲ್ಲಿ ಹೆಂಗಸೊಬ್ಬಳು ತನ್ನ ಮುಟ್ಟಿನ ಬಗ್ಗೆ ತಾನೇ ಹೇಳುತ್ತಿದ್ದಳು. ಎರಡನ್ನೂ 'ಅಸಹ್ಯ' ಅನ್ನುವ ಒಂದೇ ಚೀಲಕ್ಕೆ ತುಂಬಬೇಡಿ.

ನಮ್ಮ ಭಾಷೆಗಂತೂ ಮೈ ಬಗ್ಗೆ ನಾಚಿಕೆ ಇಲ್ಲ. ಹುಡುಗಿ ಮೈನೆರೆದಳು ಅಂತೀವಿ. ಮೈಮುರಿದು ದುಡಿ ಅಂತೀವಿ. ಕೆಲಸ ತಪ್ಪಿಸುವವನು ಮೈಗಳ್ಳ. ಮಳೆಗಾಲದಲ್ಲಿ ಹೊಳೆ ಮೈದುಂಬಿ ಹರಿಯುತ್ತದೆ. ದೇವರು ಬಂದರೂ ಮೈಮೇಲೇ ಬರಬೇಕು. ಅಕ್ಕಮಹಾದೇವಿ ಹೇಳುತ್ತಾಳಲ್ಲ, 'ಕೈಸಿರಿಯ ದಂಡವ ಕೊಳಬಹುದಲ್ಲದೆ ಮೈಸಿರಿಯ ದಂಡವ ಕೊಳಲುಂಟೆ?' ಅಂತ. ಕೈಯಲ್ಲಿರುವ ಸಿರಿಯನ್ನು ದಂಡವಾಗಿ ಕಿತ್ತುಕೊಳ್ಳಬಹುದು, ಮೈಯೊಳಗಿನ ಸಿರಿಯನ್ನು ಯಾರು ಕಿತ್ತುಕೊಳ್ಳುತ್ತಾರೆ? ದಂಡ ಅನ್ನುವುದು ಅಧಿಕಾರದ ಮಾತು, ರಾಜನ ಮಾತು. ಅದೇ ಮಾತನ್ನು ತೆಗೆದುಕೊಂಡು ಅವಳು ರಾಜನ ಕೈ ಎಲ್ಲಿಯವರೆಗೆ ಬರಬಹುದು ಅಂತ ಗೆರೆ ಎಳೆದಳು.

ಇನ್ನೊಬ್ಬಳಿದ್ದಾಳೆ, ಸೂಳೆ ಸಂಕವ್ವೆ. ಅವಳದ್ದು ಅಂತ ಸಿಕ್ಕಿರುವುದು ಒಂದೇ ವಚನ. 'ಒತ್ತೆಯ ಹಿಡಿದು ಮತ್ತೊತ್ತೆಯ ಹಿಡಿಯೆ' ಅಂತ ಶುರುವಾಗುತ್ತದೆ. ಒತ್ತೆ ಅಂದರೆ ಅವಳಿಗೆ ಗಿರಾಕಿ ಮುಂಗಡ ಕೊಡುವ ಹಣ. ಒಬ್ಬನ ಒತ್ತೆ ಹಿಡಿದ ಮೇಲೆ ಇನ್ನೊಬ್ಬನದ್ದು ಹಿಡಿಯುವುದಿಲ್ಲ ಅನ್ನುವುದು ಅವಳ ಕಸುಬಿನ ನೇಮ. ಆ ಕಸುಬಿನ ಮಾತನ್ನೇ ಅವಳು ಭಕ್ತಿಯ ಮಾತು ಮಾಡಿಕೊಂಡಳು. ದೇವರಿಗೆ ಇಟ್ಟ ಹೆಸರು ನಿರ್ಲಜ್ಜೇಶ್ವರ. ನಾಚಿಕೆಯಿಲ್ಲದ ಈಶ್ವರ! ಊರೆಲ್ಲ ಯಾವ ಮಾತಿನಿಂದ ಅವಳನ್ನು ಹಳಿದಿರಬಹುದೋ ಅದನ್ನು ಎತ್ತಿ ದೇವರ ತಲೆಯ ಮೇಲಿಟ್ಟಳು. ಇಂಥ ಧೈರ್ಯ ನಾನು ಇನ್ನೆಲ್ಲೂ ಕಂಡಿಲ್ಲ. ಈ ವಚನ ಪಾಠ ಮಾಡುವಾಗ ಪ್ರತಿ ಸಲವೂ ನನಗೆ ಗಂಟಲು ಕಟ್ಟಿದೆ.

ಹಾಗಾದರೆ ನಮಗೆ ಈ ಮುಜುಗರ ಎಲ್ಲಿಂದ ಬಂತು? ಅದಕ್ಕೆ ಹಲವು ಕಾರಣ. ನಮ್ಮ ಊರಿನ ಹೆಸರು ಹೊತ್ತ ಒಬ್ಬರ ಕಥೆ ಹೇಳಿದರೆ ಅದರಲ್ಲಿ ದೊಡ್ಡ ಕಾರಣ ಒಂದು ಗೊತ್ತಾಗುತ್ತದೆ. ಬೆಂಗಳೂರು ನಾಗರತ್ನಮ್ಮ ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ದೇವದಾಸಿ ಮನೆತನದ ಹೆಣ್ಣುಮಗಳು, ದೊಡ್ಡ ಸಂಗೀತಗಾರ್ತಿ. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ಅಂತ ಸಂಗೀತ ಬಲ್ಲವರಿಗೆಲ್ಲ ಗೊತ್ತು. ಅವರ ಇನ್ನೊಂದು ಕೆಲಸ ಗೊತ್ತಿರುವವರು ಕಡಿಮೆ. ತಂಜಾವೂರಿನ ಆಸ್ಥಾನದಲ್ಲಿ 18ನೇ ಶತಮಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಂ' ಬರೆದಿದ್ದಳು. ಅದರಲ್ಲಿ ಬಯಸುವವಳು, ಮುನಿಯುವವಳು ರಾಧೆ. ಸಮಾಧಾನ ಮಾಡಬೇಕಾದವನು ಕೃಷ್ಣ. ಅಚ್ಚಾಗಿದ್ದ ಪ್ರತಿಯಲ್ಲಿ ಕೆಲವು ಭಾಗ ಬಿಟ್ಟುಹೋಗಿದ್ದವು. ನಾಗರತ್ನಮ್ಮ ಮೂಲ ಹುಡುಕಿ ಪೂರ್ತಿ ಕಾವ್ಯವನ್ನು 1910ರಲ್ಲಿ ಅಚ್ಚು ಹಾಕಿಸಿದರು.

ಆ ಕಾಲದ ದೊಡ್ಡ ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಅವರೇ ಆ ಕಾವ್ಯವನ್ನು ಹಳಿದಿದ್ದರು. ವಿಧವೆಯರ ಮದುವೆಗೆ ನಿಂತ ಮನುಷ್ಯ ಅವರು. ಆದರೆ ಹೆಂಗಸು ಬರೆದ ಶೃಂಗಾರ ಅವರಿಗೆ ಅಸಹ್ಯ ಅನ್ನಿಸಿತು. ನಾಗರತ್ನಮ್ಮ ಸುಮ್ಮನಿರಲಿಲ್ಲ. ನಾಚಿಕೆ ಅನ್ನುವುದು ಹೆಂಗಸರಿಗೆ ಮಾತ್ರವಾ, ಗಂಡಸರಿಗೆ ಇಲ್ಲವಾ ಅಂತ ಮುನ್ನುಡಿಯಲ್ಲೇ ಕೇಳಿದರು. ಗಂಡಸು ಕವಿಗಳು ಇದಕ್ಕಿಂತ ಬಿಚ್ಚಿ ಬರೆದದ್ದನ್ನು ಪಾಠಕ್ಕಿಟ್ಟಿದ್ದೀರಲ್ಲ ಅಂದರು. 1911ರಲ್ಲಿ ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಪ್ರತಿಗಳನ್ನು ಜಪ್ತಿ ಮಾಡಿದರು. ನಿಷೇಧ ತೆರವಾಗಿದ್ದು 1947ರಲ್ಲಿ.

ನೋಡಿ, ಇಲ್ಲಿ ಎರಡು ಕಡೆಯಿಂದ ಬಾಗಿಲು ಮುಚ್ಚಿತು. ಒಂದು ಕಡೆ 1860ರ ದಂಡಸಂಹಿತೆ, ಅದರ 292ನೇ ಕಲಮು, ಅಶ್ಲೀಲ ಪುಸ್ತಕ ಮಾರಿದರೆ ಶಿಕ್ಷೆ. ಇನ್ನೊಂದು ಕಡೆ ಹೆಣ್ಣುಮಕ್ಕಳನ್ನು ಓದಿಸಬೇಕು ಅಂತ ಹೊರಟ ನಮ್ಮವರೇ. ಓದುವ ಹೆಣ್ಣು 'ಮರ್ಯಾದಸ್ಥೆ' ಆಗಿರಬೇಕಿತ್ತು. ಹಾಗಾಗಿ ಅವಳ ಕೈಗೆ ಬರುವ ಪುಸ್ತಕವನ್ನು ಸೋಸಿದರು. ನಿಮ್ಮ ಶನಿವಾರದ ಗುಂಪಿನಲ್ಲಿ ಓದು ನಿಂತ ಆ ಕ್ಷಣದ ಹಿಂದೆ ನೂರು ವರ್ಷಕ್ಕೂ ಜಾಸ್ತಿ ಹಳೆಯ ಈ ಸೋಸುವಿಕೆ ಇದೆ. ನಿಮ್ಮ ಗೆಳತಿಯ ತಪ್ಪೇನಿಲ್ಲ. ಅವರನ್ನು ದೂರಬೇಡಿ.

ಇನ್ನು, ಸಾಹಿತ್ಯ ಯಾಕೆ ಇದನ್ನು ಕೆದಕುತ್ತದೆ ಅಂದಿರಿ. ಒಂದು ಜನಪದ ಕಥೆ ಹೇಳುತ್ತೇನೆ. ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ ಕಥೆ ಇದು. ನಿಮ್ಮಲ್ಲಿ ಕೆಲವರಿಗೆ ಅಜ್ಜಿ ಬಾಯಿಂದಲೇ ಕೇಳಿ ಗೊತ್ತಿರಬಹುದು.

ಬಡ ಮುದುಕಿಯ ಕಿರಿಮಗಳಿಗೆ ಹೂವಿನ ಮರವಾಗುವ ಶಕ್ತಿ ಇದೆ. ಎರಡು ಬಿಂದಿಗೆ ನೀರು ತರಬೇಕು. ಒಂದು ಬಿಂದಿಗೆ ಸುರಿದರೆ ಅವಳು ಮರವಾಗುತ್ತಾಳೆ, ಇನ್ನೊಂದು ಸುರಿದರೆ ಮತ್ತೆ ಹುಡುಗಿ. ಹೂವು ಬಿಡಿಸುವಾಗ ಒಂದು ಎಲೆಗೂ ನೋವಾಗಬಾರದು, ಒಂದು ರೆಂಬೆಯೂ ಮುರಿಯಬಾರದು. ಅಕ್ಕ ಹಾಗೇ ಜೋಪಾನವಾಗಿ ಬಿಡಿಸುತ್ತಾಳೆ. ಹೂ ಮಾರಿ ಅಮ್ಮನ ಸಂಸಾರ ನಡೆಸಲು ಅವಳು ತಾನಾಗಿಯೇ ಕಂಡುಕೊಂಡ ದಾರಿ ಅದು. ಆಮೇಲೆ ರಾಜಕುಮಾರ ಅವಳನ್ನು ಮದುವೆಯಾಗುತ್ತಾನೆ. ಮೊದಲ ರಾತ್ರಿಗಳಲ್ಲೇ 'ನನಗೋಸ್ಕರ ಮರವಾಗು' ಅನ್ನುತ್ತಾನೆ. ಅವಳಿಗೆ ಮನಸ್ಸಿಲ್ಲ. ಅವನು ಬಿಡುವುದಿಲ್ಲ. ಆಗುತ್ತಾಳೆ. ನಾದಿನಿ ಇದನ್ನು ಕದ್ದು ನೋಡುತ್ತಾಳೆ. ಒಂದು ದಿನ ಗೆಳತಿಯರ ಜೊತೆ ತೋಟಕ್ಕೆ ಕರೆದುಕೊಂಡು ಹೋಗಿ 'ನಮಗೂ ಮರವಾಗು' ಅಂತ ಪೀಡಿಸುತ್ತಾಳೆ. ಹುಡುಗಿಯರು ಹೂವಿಗೆ ಮುಗಿಬಿದ್ದು ರೆಂಬೆ ಮುರಿಯುತ್ತಾರೆ. ಮಳೆ ಬರುತ್ತದೆ. ನೀರನ್ನು ಹೇಗೋ ಸುರಿದು ಓಡಿಹೋಗುತ್ತಾರೆ. ಅವಳು ಪೂರ್ತಿ ಹುಡುಗಿಯಾಗುವುದಿಲ್ಲ. ಕೈಯಿಲ್ಲ, ಕಾಲಿಲ್ಲ. ಬರೀ ಮುಂಡ, ಗಾಯದ ಮೈ. ಚರಂಡಿಯಲ್ಲಿ ತೇಲಿಹೋಗುತ್ತಾಳೆ.

ಈ ಕಥೆಯಲ್ಲಿ ಕಾಮದ ಒಂದು ಶಬ್ದವಿಲ್ಲ. ಚಿಕ್ಕ ಮಕ್ಕಳಿಗೂ ಹೇಳಬಹುದು. ಆದರೂ ಹೆಣ್ಣಿನ ಮೈಯ ಮೇಲೆ ನಡೆಯುವ ಬಲವಂತವನ್ನು ಇಷ್ಟು ನೇರವಾಗಿ ಹೇಳಿದ ಬರಹ ನಾನು ಜಾಸ್ತಿ ಓದಿಲ್ಲ. ತಾನಾಗಿ ಮರವಾಗುವುದಕ್ಕೂ ಪೀಡಿಸಿದ್ದಕ್ಕೆ ಮರವಾಗುವುದಕ್ಕೂ ಇರುವ ದೂರ ನೋಡಿ. ಮರ ಅದೇ, ಹೂವು ಅದೇ, ಬಿಂದಿಗೆ ಅದೇ. ಒಂದರಲ್ಲಿ ಅವಳ ಒಪ್ಪಿಗೆ ಇದೆ, ಇನ್ನೊಂದರಲ್ಲಿ ಇಲ್ಲ. ಮದುವೆಯಾದ ಗಂಡನೂ ಕೇಳಿ ಪಡೆಯಬೇಕು ಅನ್ನುವುದನ್ನು ನಮ್ಮ ಅಜ್ಜಿಯರು ಬಿಂದಿಗೆ ಮತ್ತು ಹೂವಿನಲ್ಲಿ ಹೇಳಿದರು. ಸಾಹಿತ್ಯ ಮೈಯ ವಿಷಯಕ್ಕೆ ಬರುವುದು ಇದಕ್ಕೇ. ಕೋರ್ಟು, ಆಸ್ಪತ್ರೆ, ಮನೆ ಹಿರಿಯರು ಎಲ್ಲರೂ ಮೈ ಬಗ್ಗೆ ತೀರ್ಪು ಕೊಡುತ್ತಾರೆ. ಆ ಮೈಯೊಳಗೆ ಇದ್ದುಕೊಂಡು ಹೇಗನ್ನಿಸುತ್ತದೆ ಅಂತ ಹೇಳುವ ಜಾಗ ಕಥೆ ಕವಿತೆ ಬಿಟ್ಟರೆ ತೀರಾ ಕಡಿಮೆ.

ಮಹಾಭಾರತದ ಉದ್ಯೋಗ ಪರ್ವದಲ್ಲಿ ಮಾಧವಿ ಅಂತ ಒಬ್ಬಳು ಬರುತ್ತಾಳೆ, ಯಯಾತಿಯ ಮಗಳು. ಗಾಲವನಿಗೆ ಗುರುದಕ್ಷಿಣೆ ಕೊಡಲು 800 ಕುದುರೆ ಬೇಕು, ಒಂದು ಕಿವಿ ಮಾತ್ರ ಕಪ್ಪಗಿರುವ ಬಿಳಿ ಕುದುರೆಗಳು. ಯಯಾತಿಯ ಹತ್ತಿರ ಕುದುರೆ ಇಲ್ಲ, ಮಗಳನ್ನು ಕೊಡುತ್ತಾನೆ. ಗಾಲವ ಅವಳನ್ನು ಮೂವರು ರಾಜರ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಒಬ್ಬೊಬ್ಬರಿಗೂ ಅವಳು ಒಂದೊಂದು ಮಗ ಹೆರಬೇಕು, ಒಬ್ಬೊಬ್ಬರಿಂದ 200 ಕುದುರೆ. ಉಳಿದ 200ರ ಬದಲಿಗೆ ವಿಶ್ವಾಮಿತ್ರನೇ ಅವಳನ್ನು ಇಟ್ಟುಕೊಳ್ಳುತ್ತಾನೆ. ಕೊನೆಗೆ ಸ್ವಯಂವರ ಮಾಡಿದಾಗ ಅವಳು ಯಾವ ಗಂಡನ್ನೂ ಒಪ್ಪದೆ ಕಾಡಿಗೆ ಹೋಗುತ್ತಾಳೆ. ಈ ಮಾಧವಿಯನ್ನು ಕಾದಂಬರಿಯಾಗಿ ಬರೆದವರು ಡಾ. ಅನುಪಮಾ ನಿರಂಜನ. ವೈದ್ಯೆಯಾಗಿದ್ದವರು. ಹೆರಿಗೆ ಅಂದರೆ ಏನು ಅಂತ ಕೈಯಾರೆ ಬಲ್ಲವರು 'ಮಗ ಹುಟ್ಟಿದ' ಅನ್ನುವ ಸಾಲನ್ನು ಓದುವ ರೀತಿಯೇ ಬೇರೆ.

ಅನುಪಮಾ ಅವರ ಹೆಸರು ಬಂತಲ್ಲ, ಇನ್ನೊಂದು ಮಾತು. ಕಾದಂಬರಿಗಳ ಜೊತೆಗೆ ಅವರು 'ದಾಂಪತ್ಯ ದೀಪಿಕೆ', 'ಕೇಳು ಕಿಶೋರಿ', 'ತಾಯಿ ಮಗು' ಅಂತ ಪುಸ್ತಕ ಬರೆದರು. ನಮ್ಮಮ್ಮನ ಟ್ರಂಕಿನಲ್ಲಿ 'ದಾಂಪತ್ಯ ದೀಪಿಕೆ' ಇತ್ತು. ಧಾರೆ ಸೀರೆಯ ಮಡಿಕೆಯೊಳಗೆ, ನುಸಿಗುಳಿಗೆ ವಾಸನೆ ಹಿಡಿದುಕೊಂಡು. ರಟ್ಟಿಗೆ ಕ್ಯಾಲೆಂಡರಿನ ಹಾಳೆ ಸುತ್ತಿದ್ದರು, ಹೆಸರು ಕಾಣದ ಹಾಗೆ. ನಾನು ಹೈಸ್ಕೂಲಿನಲ್ಲಿದ್ದಾಗ ಸಿಕ್ಕಿತು. ಅಮ್ಮ ಬೈಯಲಿಲ್ಲ. 'ಓದಿದ ಮೇಲೆ ಅಲ್ಲೇ ಇಡು' ಅಂದರು, ಅಷ್ಟೆ. ನಮ್ಮಿಬ್ಬರ ನಡುವೆ ಮೈ ಬಗ್ಗೆ ನಡೆದ ಮಾತು ಅದೊಂದೇ. ಆದರೆ ಆ ಒಂದು ಮಾತು ನನಗೆ ಬಹಳ ದೂರ ಬಂತು.

ಬಾಣಂತಿಗೆ ಬರುವ ಸನ್ನಿಯನ್ನು ದೆವ್ವ, ಶಾಪ ಅನ್ನುತ್ತಿದ್ದ ಕಾಲದಲ್ಲಿ ತ್ರಿವೇಣಿ 'ಶರಪಂಜರ' ಬರೆದರು. ಅದರ ಕಾವೇರಿಗೆ ಕಾಯಿಲೆ ವಾಸಿಯಾಗಿ ಮನೆಗೆ ಬಂದ ಮೇಲೇ ನಿಜವಾದ ಕಷ್ಟ ಶುರು. ಅವಳು ಜೋರಾಗಿ ನಕ್ಕರೆ ಅನುಮಾನ, ಸುಮ್ಮನೆ ಕೂತರೆ ಅನುಮಾನ. ಮೈ ಗುಣವಾಯಿತು, ಆದರೆ 'ನಾನು ಚೆನ್ನಾಗಿದ್ದೇನೆ' ಅನ್ನುವ ಅವಳ ಮಾತಿಗೆ ಬೆಲೆ ಬರಲಿಲ್ಲ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಒಂದು ಕಥೆಯ ಹೆಸರೇ 'ಒಮ್ಮೆ ಹೆಣ್ಣಾಗು ಪ್ರಭುವೇ'. ಹೆಣ್ಣಿನ ಮೈಯಲ್ಲಿ ಒಂದು ಸಲ ಇದ್ದು ನೋಡು ಅಂತ ದೇವರನ್ನೇ ಕರೆಯುವ ಕಥೆ. ಅವರದ್ದೇ 'ಕೆಂಪು ಲುಂಗಿ'ಯಲ್ಲಿ ಬೇಸಿಗೆ ರಜೆಯಲ್ಲಿ ಹುಡುಗರಿಗೆ ಖತ್ನಾ, ಅಂದರೆ ಸುನ್ನತಿ, ನಡೆಯುತ್ತದೆ. ಗಂಡುಮಕ್ಕಳ ಮೈಗೂ ಭಯ ಇದೆ, ನೋವು ಇದೆ, ಅದರಲ್ಲೂ ಬಡವ ಶ್ರೀಮಂತ ಅನ್ನುವುದು ಇದೆ ಅಂತ ಅದನ್ನು ಓದಿದರೆ ಗೊತ್ತಾಗುತ್ತದೆ. ಮೈ ಅಂದ ಕೂಡಲೇ ಹೆಣ್ಣಿನ ಮೈ ಅಂದುಕೊಳ್ಳುವುದು ನಮ್ಮದೇ ಅಭ್ಯಾಸ.

ಈಗ ಗಂಡು ಹೆಣ್ಣು ಅನ್ನುವ ವಿಷಯಕ್ಕೆ ಬರೋಣ. ನಿಮ್ಮ ಪ್ರಶ್ನೆಯ ಗಂಟು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಮರ ಹತ್ತುವ ಹುಡುಗಿಗೆ 'ಗಂಡುಬೀರಿ' ಅಂತೀವಿ. ಮೆಲ್ಲಗೆ ಮಾತಾಡುವ ಹುಡುಗನಿಗೆ 'ಹೆಣ್ಣಿಗ' ಅಂತೀವಿ. ಆ ಮಕ್ಕಳ ಮೈಯಲ್ಲಿ ಏನೂ ಹೆಚ್ಚುಕಡಿಮೆ ಇರುವುದಿಲ್ಲ, ಅವರ ನಡೆ ನಮ್ಮ ಅಳತೆಗೆ ಸಿಗುತ್ತಿಲ್ಲ, ಅಷ್ಟೆ. ಮೈಯಿಂದ ಬಂದದ್ದು ಯಾವುದು, ನಾವು ಹೊರಗಿನಿಂದ ತೊಡಿಸಿದ್ದು ಯಾವುದು ಅಂತ ಬಿಡಿಸಿ ನೋಡುವುದು ಸಾಹಿತ್ಯದ ಹಳೆಯ ಕೆಲಸ. ಕುಮಾರವ್ಯಾಸನ ವಿರಾಟ ಪರ್ವ ನೆನಪಿಸಿಕೊಳ್ಳಿ. ಉತ್ತರಕುಮಾರ ಹೆಂಗಸರ ಮುಂದೆ ಕೂತು ಭೀಷ್ಮ ದ್ರೋಣರನ್ನೆಲ್ಲ ಹೊಡೆದುಹಾಕುತ್ತಾನೆ, ಬಾಯಲ್ಲಿ. 'ಉತ್ತರನ ಪೌರುಷ ಒಲೆ ಮುಂದೆ' ಅನ್ನುವ ಗಾದೆ ಬಂದದ್ದೇ ಅಲ್ಲಿಂದ. ರಣರಂಗ ಕಂಡ ಕೂಡಲೇ ರಥದಿಂದ ಹಾರಿ ಓಡುತ್ತಾನೆ. ಅವನನ್ನು ಹಿಡಿದು ತಂದು ಯುದ್ಧ ಮಾಡುವವಳು ಬೃಹನ್ನಳೆ. ಹೆಣ್ಣುಡುಗೆ ಉಟ್ಟು, ಹುಡುಗಿಯರಿಗೆ ನಾಟ್ಯ ಕಲಿಸುತ್ತಿದ್ದ ಅರ್ಜುನ. ಮೀಸೆ ಹೊತ್ತವನು ಓಡಿದ, ಜಡೆ ಹೊತ್ತವರು ಗೆದ್ದರು. ಊರ ಜಗಲಿಯಲ್ಲಿ ಕೂತು ಇದನ್ನು ಕೇಳಿ ನಕ್ಕ ನಮ್ಮ ಹಿರಿಯರಿಗೆ ಉಡುಗೆಗೂ ಪೌರುಷಕ್ಕೂ ಸಂಬಂಧ ಎಷ್ಟು ಸಡಿಲ ಅಂತ ಗೊತ್ತಿತ್ತು.

ಕನ್ನಡ ವ್ಯಾಕರಣವೂ ಇಲ್ಲಿ ನಮ್ಮ ಕೈ ಹಿಡಿಯುತ್ತದೆ. ಸಂಸ್ಕೃತದಲ್ಲಿ ಹೆಂಡತಿ ಅನ್ನುವ ಅರ್ಥದ 'ದಾರ' ಶಬ್ದ ಪುಲ್ಲಿಂಗ, 'ಕಲತ್ರ' ನಪುಂಸಕಲಿಂಗ. ಕನ್ನಡದಲ್ಲಿ ಹಾಗಿಲ್ಲ, ಅರ್ಥ ನೋಡಿ ಅವನು, ಅವಳು, ಅದು ಅಂತೀವಿ. ಬಹುವಚನಕ್ಕೆ, ಮರ್ಯಾದೆಗೆ ಬಂದರೆ 'ಅವರು'. ಅದರಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಮೆಜೆಸ್ಟಿಕ್ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು ಮಂಗಳಮುಖಿ ನಿಮ್ಮ ಪಕ್ಕ ಕೂತರೆ ಅವನಾ ಅವಳಾ ಅಂತ ಒದ್ದಾಡಬೇಕಿಲ್ಲ. 'ಅವರು' ಅಂದರೆ ಸಾಕು. ಮರ್ಯಾದೆ ಕೊಟ್ಟ ಕೂಡಲೇ ತೊಡಕು ಬಿಡುತ್ತದೆ.

ಜೇಡರ ದಾಸಿಮಯ್ಯನ ವಚನ ನಿಮಗೆ ಶಾಲೆಯಿಂದ ಬಾಯಿಗೆ ಬಂದಿರುತ್ತದೆ. 'ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಗಡ್ಡ ಮೀಸೆ ಬಂದಡೆ ಗಂಡೆಂಬರು, ನಡುವೆ ಸುಳಿವಾತ್ಮನು ಹೆಣ್ಣೂ ಅಲ್ಲ, ಗಂಡೂ ಅಲ್ಲ ಕಾಣಾ ರಾಮನಾಥ.' ಇದನ್ನು ನಾವು ಪರೀಕ್ಷೆಗೆ 'ಆತ್ಮಕ್ಕೆ ಲಿಂಗಭೇದವಿಲ್ಲ' ಅಂತ ಒಂದು ಸಾಲಿನ ಉತ್ತರ ಬರೆದು ಮುಗಿಸಿದ್ದೇವೆ. 'ಎಂಬರು' ಅನ್ನುವ ಪದ ನೋಡಿ. ಹೆಣ್ಣು ಎನ್ನುತ್ತಾರೆ, ಗಂಡು ಎನ್ನುತ್ತಾರೆ. ಯಾರು? ಸುತ್ತಲಿನವರು. ಮೈಯ ಮೇಲೆ ಊರಿನವರ ಮಾತು. ಗೊಗ್ಗವ್ವೆ ಅನ್ನುವ ಶರಣೆಯೂ ಹೀಗೇ ಶುರುಮಾಡಿ, ಕೊನೆಯಲ್ಲಿ ಉತ್ತರ ಹೇಳದೆ ಪ್ರಶ್ನೆ ಕೇಳಿ ಬಿಡುತ್ತಾಳೆ: 'ಈ ಉಭಯದ ಜ್ಞಾನ ಹೆಣ್ಣೊ ಗಂಡೊ ನಾಸ್ತಿನಾಥಾ?' ನನಗೆ ದಾಸಿಮಯ್ಯನಿಗಿಂತ ಒಂದು ತೂಕ ಜಾಸ್ತಿ ಇಷ್ಟ ಗೊಗ್ಗವ್ವೆ.

ಜೋಗತಿ ಕಲಾವಿದೆ ಮಂಜಮ್ಮ ಜೋಗತಿ ಗಂಡುಮಗುವಾಗಿ ಹುಟ್ಟಿ, ಹೆಣ್ಣಾಗಿ ಬದುಕಿದವರು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಪದ್ಮಶ್ರೀ ಪಡೆದರು. ಅರುಣ್ ಜೋಳದಕೂಡ್ಲಿಗಿ ಬರೆದುಕೊಂಡ ಅವರ ಆತ್ಮಕಥನದ ಹೆಸರು 'ನಡುವೆ ಸುಳಿವ ಹೆಣ್ಣು'. ದಾಸಿಮಯ್ಯನ ಸಾಲಿನಿಂದಲೇ ಎದ್ದು ಬಂದ ಹೆಸರು. ಆದರೆ 'ಆತ್ಮ' ಇದ್ದ ಜಾಗದಲ್ಲಿ 'ಹೆಣ್ಣು' ಬಂದಿದೆ. ದಾಸಿಮಯ್ಯ ಹೆಣ್ಣೂ ಅಲ್ಲ ಗಂಡೂ ಅಲ್ಲ ಅಂದ ಕಡೆ ಈ ಪುಸ್ತಕ 'ನಾನು ಹೆಣ್ಣು' ಅನ್ನುತ್ತದೆ. ಒಂದು ಪದ ಬದಲಾದದ್ದಕ್ಕೆ ಎಷ್ಟು ವರ್ಷದ ಬದುಕು ಸವೆದಿದೆ ಅಂತ ಪುಸ್ತಕ ಓದಿದರೆ ಗೊತ್ತಾಗುತ್ತದೆ. ಹಾಗೇ ಎ. ರೇವತಿಯವರ 'ಬದುಕು ಬಯಲು' ಓದಿ. ತಮಿಳುನಾಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ದು. ಸರಸ್ವತಿ ಕನ್ನಡಕ್ಕೆ ತಂದಿದ್ದಾರೆ. ಬೇರೆಯವರು ಇವರ ಬಗ್ಗೆ ಬರೆದ ಹತ್ತು ಕಥೆಗಿಂತ ಇವರೇ ಹೇಳಿಕೊಂಡ ಒಂದು ಪುಟ ಹೆಚ್ಚು ಕಲಿಸುತ್ತದೆ.

ನಿಮ್ಮ ಮಗನ ಬ್ಯಾಗಿನಲ್ಲಿದ್ದ 'ಮೋಹನಸ್ವಾಮಿ' 2013ರಲ್ಲಿ ಬಂತು. ಬರೆದವರು ವಸುಧೇಂದ್ರ, ಸಂಡೂರಿನವರು, ಬೆಂಗಳೂರಿನಲ್ಲಿ ನೆಲೆಸಿದವರು. ಗಂಡನ್ನು ಪ್ರೀತಿಸುವ ಗಂಡಿನ ಕಥೆಗಳು. ಅದನ್ನು ಅಪರಾಧ ಅನ್ನುವ 377ನೇ ಕಲಮಿನ ತಕರಾರು ಆಗಿನ್ನೂ ಕೋರ್ಟಿನಲ್ಲಿತ್ತು. ಸುಪ್ರೀಂ ಕೋರ್ಟ್ ಆ ಕಲಮಿನಿಂದ ಈ ಭಾಗವನ್ನು ತೆಗೆದುಹಾಕಿದ್ದು 2018ರ ಸೆಪ್ಟೆಂಬರ್ 6ರಂದು. ಅಂದರೆ ಆ ತೀರ್ಪಿಗಿಂತ ಸುಮಾರು ಐದು ವರ್ಷ ಮೊದಲೇ ಕನ್ನಡದ ಕಥೆ ಈ ಮಾತು ಆಡಿತ್ತು. ಆ ಪುಸ್ತಕದಲ್ಲಿ ನನ್ನನ್ನು ಕಾಡಿದ್ದು ಮಲಗುವ ಕೋಣೆಯ ವಿವರ ಅಲ್ಲ. ಒಂದೇ ಮನೆಯಲ್ಲಿ ಜೊತೆಗೆ ಬದುಕಿದ ಗೆಳೆಯ ಹುಡುಗಿಯನ್ನು ಮದುವೆಯಾಗಲು ಹೊರಡುತ್ತಾನೆ. ಉಳಿದುಹೋದ ಮೋಹನಸ್ವಾಮಿಗೆ ಯಾರ ಹತ್ತಿರವೂ ಅಳುವ ಹಾಗಿಲ್ಲ. ಗಂಡ ಬಿಟ್ಟುಹೋದರೆ ಹೆಂಗಸಿಗೆ ಅಳಲು ತವರು ಇದೆ. ಇವನ ದುಃಖಕ್ಕೆ ಒಂದು ಹೆಸರೂ ಇಲ್ಲ. ಅದನ್ನು ಓದಿ ನಾನು ಪುಸ್ತಕ ಮಡಚಿಟ್ಟು ಬಾಲ್ಕನಿಯಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ನನ್ನ ಕ್ಲಾಸುಗಳಲ್ಲಿ ಕೂತಿದ್ದ ಎಷ್ಟು ಹುಡುಗರು ಹೀಗೆ ಒಳಗೊಳಗೇ ಅತ್ತಿರಬಹುದು ಅಂತ.

ಕೊನೆಗೆ ಮುಜುಗರದ ಮಾತು. ಅಕ್ಕಮಹಾದೇವಿ ಬಟ್ಟೆ ಬಿಟ್ಟು, ಕೂದಲನ್ನೇ ಹೊದ್ದು ಕಲ್ಯಾಣಕ್ಕೆ ಬಂದಾಗ ಅಲ್ಲಮ ಕೇಳುತ್ತಾನೆ. ಎಲ್ಲ ಬಿಟ್ಟವಳು ಕೂದಲನ್ನು ಯಾಕೆ ಮರೆ ಮಾಡಿಕೊಂಡೆ ಅಂತ. ಅವಳ ಉತ್ತರದಲ್ಲಿ ಒಂದು ಮಾತಿದೆ: ಕಾಮನ ಮುದ್ರೆ ಕಂಡು ನಿಮಗೆ ನೋವಾದೀತು ಅಂತ ಮುಚ್ಚಿದೆ. ನಾಚಿಕೆ ನನ್ನದಲ್ಲ, ತೊಂದರೆ ನಿಮ್ಮ ಕಣ್ಣಿಗೆ, ನಿಮಗೋಸ್ಕರ ಮುಚ್ಚಿದ್ದೇನೆ ಅಂತ. ಓದುವಾಗ ಮುಜುಗರವಾದರೆ ಈ ಮಾತು ನೆನಪಿಸಿಕೊಳ್ಳಿ. ಆ ಪುಟದಲ್ಲಿರುವವರಿಗೆ ಮುಜುಗರವಾಗುತ್ತಿದೆಯಾ, ಅಥವಾ ನನಗಾ? ಬರೆದವರು ಆ ಮೈಯನ್ನು ನಮ್ಮ ಚಪಲಕ್ಕೆ ಹರವಿಟ್ಟಿದ್ದರೆ ಪುಸ್ತಕ ಮುಚ್ಚಿ, ನಾನೂ ಮುಚ್ಚುತ್ತೇನೆ. ಹೆಣ್ಣು ಬೇಡ ಬೇಡ ಅಂದರೂ ಬೆನ್ನು ಹತ್ತಿ ಗೆಲ್ಲುವುದನ್ನು ಪ್ರೀತಿ ಅಂತ ಮಾರುವ ಕಥೆಗಳಿಗೆ ನಾನು ಒಂದು ಗಂಟೆಯನ್ನೂ ಕೊಡುವುದಿಲ್ಲ, ಅದರಲ್ಲಿ ಒಂದು ಮುತ್ತೂ ಇಲ್ಲದಿದ್ದರೂ ಸರಿ. ಆದರೆ ಆ ಮೈಯವರೇ ಮಾತಾಡುತ್ತಿದ್ದರೆ ಎರಡು ನಿಮಿಷ ತಡೆದು ಕೂತು ಕೇಳಿ.

ಜೋರಾಗಿ ಓದುವುದು ಕಷ್ಟ, ಒಪ್ಪುತ್ತೇನೆ. ಒಬ್ಬರೇ ಕಣ್ಣಲ್ಲಿ ಓದುವುದು ಬೇರೆ, ಹನ್ನೆರಡು ಜನರ ನಡುವೆ ಬಾಯಲ್ಲಿ ಹೇಳುವುದು ಬೇರೆ. ಅದಕ್ಕೆ ಮುಂದಿನ ಶನಿವಾರ ನಿಂತುಹೋದ ಕಥೆಗೆ ನೇರ ಹೋಗಬೇಡಿ. ಹೂವಿನ ಮರದ ಹುಡುಗಿಯ ಕಥೆಯನ್ನು ಒಬ್ಬರು ಹೇಳಲಿ. ರೆಂಬೆ ಮುರಿಯುವ ಜಾಗದಲ್ಲಿ ಸ್ವಲ್ಪ ನಿಲ್ಲಿಸಿ, ಯಾರಿಗೆ ಏನನ್ನಿಸಿತು ಅಂತ ಕೇಳಿ. ಕೆಲವರು ತಮ್ಮ ಮೊದಲ ಹೆರಿಗೆ ಬಗ್ಗೆ ಹೇಳಬಹುದು, ಕೆಲವರು ಏನೂ ಹೇಳದಿರಬಹುದು. ಎರಡೂ ಸರಿ. ಆಮೇಲೆ ಹಳೆಯ ಕಥೆಯನ್ನು ಬಿಟ್ಟ ಪ್ಯಾರಾದಿಂದಲೇ ಎತ್ತಿಕೊಳ್ಳಿ. ಈ ಸಲ ಓದುವವರು ಬೇರೆಯವರಾಗಲಿ. ನೀವೇ ಆದರೆ ಇನ್ನೂ ಒಳ್ಳೆಯದು.

ಮಗನ ವಿಷಯ. ಅವನ ಬ್ಯಾಗಿನಲ್ಲಿ ಆ ಪುಸ್ತಕ ಇದ್ದ ಮಾತ್ರಕ್ಕೆ ಅವನ ಬಗ್ಗೆ ಏನೂ ತೀರ್ಮಾನ ಮಾಡಬೇಡಿ. ಅದು ಪಾಠದ್ದಿರಬಹುದು, ಗೆಳೆಯನದ್ದಿರಬಹುದು, ಅವನದ್ದೇ ಇರಬಹುದು. ಅವನು ಹೇಳುವವರೆಗೆ ಅದು ಅವನ ಮಾತು. ಬ್ಯಾಗಿನಿಂದ ತೆಗೆದು ಓದಬೇಡಿ. ಗಾಂಧಿಬಜಾರಿನ ಪುಸ್ತಕದಂಗಡಿಯಲ್ಲಿ ಕೇಳಿ ನಿಮ್ಮದೇ ಒಂದು ಪ್ರತಿ ತಂದುಕೊಳ್ಳಿ. ಕ್ಯಾಲೆಂಡರ್ ಹಾಳೆ ಸುತ್ತದೆ, ಹೆಸರು ಕಾಣುವ ಹಾಗೆ ಹಾಲಿನ ಟೀಪಾಯಿ ಮೇಲಿಟ್ಟು ಓದಿ. ಅವನು ನೋಡಿಯೇ ನೋಡುತ್ತಾನೆ. 'ಅಮ್ಮ, ಇದು ಓದ್ತಿದ್ದೀಯಾ?' ಅಂದರೆ, ಹೌದು ಅನ್ನಿ. ನಿಮಗೆ ಯಾವ ಕಥೆ ಹಿಡಿಸಿತು ಅಂತ ನೀವೇ ಮೊದಲು ಹೇಳಿ.